ಹಿತ್ತಿಲ ಕಲ್ಲಿನ ಮೇಲಿನ ಚಹಾ

ನೀರಾ ನದಿಯ ದಂಡೆಯ ಹಳ್ಳಿಗಳಲ್ಲಿ ಮನಶ್ಶಾಸ್ತ್ರವೆಂದರೇನು ಎಂದು ಕೇಳಿದರೆ ಯಾರೂ ಅದರ ವ್ಯಾಖ್ಯೆ ಹೇಳಲು ಹೋಗುವುದಿಲ್ಲ. "ಅದು ನಮ್ಮ ಧುಮಾಳ ಬಾಯಾರದು" ಎಂದು ಹೇಳಿ ಸುಮ್ಮನಾಗುತ್ತಾರೆ. ಒಂದು ಶಾಸ್ತ್ರವನ್ನು ಒಬ್ಬ ವ್ಯಕ್ತಿಯ ಹೆಸರಿನಿಂದ ಗುರುತಿಸುವ ಈ ರೂಢಿ ವಿದ್ವತ್ತಿನ ದೃಷ್ಟಿಯಿಂದ ಅಷ್ಟು ಸರಿಯಲ್ಲದಿರಬಹುದು. ಆದರೆ ಭಿವರಗಾಂವದಂಥ ಊರಿನಲ್ಲಿ, ಈರುಳ್ಳಿ ಮಂಡಿಯ ಹಿಂದಿನ ತಗಡಿನ ಮಾಡಿನ ಕೆಳಗೆ ಆರಂಭವಾದ ಕಾಲೇಜೊಂದರಲ್ಲಿ, ಆ ವಿಷಯಕ್ಕೆ ಮೊದಲ ಅಧ್ಯಾಪಕಿಯಾಗಿ ಬಂದು, ಅದನ್ನು ಪುಸ್ತಕದಿಂದ ಹೊರತೆಗೆದು ಮನೆಮನೆಯ ಅಂಗಳಕ್ಕೆ ಒಯ್ದವರು ಪ್ರಾಧ್ಯಾಪಕಿ ಶರಯೂ ಧುಮಾಳ ಅವರೇ ಆಗಿರುವುದರಿಂದ, ಊರವರ ಮಾತಿನಲ್ಲಿ ಅತಿಶಯೋಕ್ತಿಯೇನೂ ಇಲ್ಲ. ಈ ಮೇ ತಿಂಗಳ ಕೊನೆಗೆ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ.

ಅವರ ಗೌರವಾರ್ಥ ಒಂದು ಸಂಪುಟವನ್ನು ತರಬೇಕೆಂದು ಶಿಷ್ಯರೂ ಸಹೋದ್ಯೋಗಿಗಳೂ ಹೋಗಿ ಕೇಳಿಕೊಂಡಾಗ ಅವರು ಮೊದಲು ಒಪ್ಪಲಿಲ್ಲ; ಒಪ್ಪಿದ ಮೇಲೆ ಎರಡು ಷರತ್ತು ಹಾಕಿದರು. ಸಮಾರಂಭವನ್ನು ಗುರುವಾರ ಇಟ್ಟುಕೊಳ್ಳಬಾರದು ಎಂಬುದು ಒಂದು. ಕೋಕರೆ ವಸ್ತಿಯ ಹೌಸಾಬಾಯಿಯ ಸಂಗತಿಯನ್ನು ಮರೆಮಾಚಿ ತಮ್ಮ ಬಗ್ಗೆ ಏನನ್ನೂ ಬರೆಯಬಾರದು ಎಂಬುದು ಇನ್ನೊಂದು. "ಹೊಗಳೋದಾದ್ರ ಹೊಗಳ್ರಿ, ನನಗೇನೂ ಸಿಟ್ಟಿಲ್ಲ. ಆದ್ರ ಅದನ್ನ ಮುಚ್ಚಿ ಹೊಗಳಿದ್ರ, ಆ ಪುಸ್ತಕ ನನ್ನ ಮನಿಗೆ ತರಬ್ಯಾಡ್ರಿ" ಎಂದರು. ಆದ್ದರಿಂದ ಈ ಲೇಖನವು ಅವರ ಗುಣಗಾನವಾಗಿರುವಷ್ಟೇ ಅವರ ಪಶ್ಚಾತ್ತಾಪದ ಕಥನವೂ ಆಗಿದೆ.

ಶರಯೂ ಅವರು ಹುಟ್ಟಿ ಬೆಳೆದದ್ದು ಭೋರ ಕಡೆಯ ಒಂದು ಸಣ್ಣ ಊರಿನಲ್ಲಿ. ತಂದೆ ತೀರಿಕೊಂಡಾಗ ಅವರಿನ್ನೂ ಶಾಲೆಗೆ ಹೋಗುವ ಹುಡುಗಿ. ಮಣ್ಣು ಮಾಡಿ ಬಂದ ದಿನ, ಒಲೆ ಹಚ್ಚಬಾರದ ಆ ಮನೆಗೆ, ರೂಢಿಯಂತೆ ನೆರೆಯವರು ಝುಣಕ-ಭಾಕರಿ ತಂದು ಕೊಟ್ಟರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಎದುರುಮನೆಯ ಹೆಂಗಸೊಬ್ಬಳು ದಿನವೂ ಒಂದು ತಂಬಿಗೆ ಮಜ್ಜಿಗೆ ಕೊಡುತ್ತಿದ್ದಳು, ಕೊಟ್ಟದ್ದನ್ನು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು, ಗಿರಣಿಯಲ್ಲಿ ಹೇಳುತ್ತಿದ್ದಳು, ಬಾಗಿಲಲ್ಲಿ ನಿಂತು "ನಮ್ಮ ಎಮ್ಮಿ ಇಲ್ಲದಿದ್ರ ಈ ಹುಡುಗೂರ ಗತಿ ಏನಾಗತಿತ್ತೋ" ಎಂದು ಅವರ ತಾಯಿಯ ಎದುರಿಗೇ ಹೇಳುತ್ತಿದ್ದಳು. ತಂಬಿಗೆ ಇಸಕೊಳ್ಳುವಾಗ ತಾಯಿಯ ಕತ್ತು ಬಾಗುತ್ತಿದ್ದದ್ದನ್ನು ಮಗಳು ನೋಡಿದಳು. ಆ ಬಾಗಿದ ಕತ್ತು ಮುಂದೆ ಒಂದು ತತ್ತ್ವವಾಯಿತು: ಮಾಡಿದ ಉಪಕಾರ ಕಣ್ಣಿಗೆ ಬೀಳಬಾರದು. ಪುಣೆಯಲ್ಲಿ ಓದುವಾಗ, ತನಗೆ ಗೊತ್ತಿಲ್ಲದಂತೆ ದೊರೆತ ನೆರವು ಮನುಷ್ಯನನ್ನು ಕುಗ್ಗಿಸುವುದಿಲ್ಲವೆಂದು ಶಾಸ್ತ್ರಗ್ರಂಥಗಳೂ ಹೇಳುವುದನ್ನು ಕಂಡು ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಾವು ಅಂಗಳದಲ್ಲಿ ಕಂಡದ್ದನ್ನು ಪುಸ್ತಕವೂ ಒಪ್ಪಿದಾಗ, ಮತ್ತೆ ಅನುಮಾನಿಸುವ ಕಾರಣ ಯಾರಿಗೂ ಕಾಣುವುದಿಲ್ಲ.

ಭಿವರಗಾಂವಕ್ಕೆ ಬಂದ ಹೊಸತರಲ್ಲಿ ಅವರ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅರ್ಥಶಾಸ್ತ್ರದ ಗುಲಾಬರಾವ ತಾಟೆ ಅವರಂತೂ ದಿನವೂ ಕಾಲೆಳೆಯುತ್ತಿದ್ದರು.

"ಏನ್ರಿ ಧುಮಾಳ ಬಾಯಿ, ಈ ಊರಾಗ ಹುಚ್ಚರು ಇರೋದೇ ಮೂರು ಮಂದಿ. ನಿಮ್ಮ ಹುಡುಗೂರು ಅವರನ್ನ ಹೆಂಗ ಹಂಚ್ಕೋತಾರ?"

"ನಾಲ್ಕನೇದವರು ಸ್ಟಾಫ್ ರೂಮಿನಾಗ ಸಿಕ್ಕಾರಲ್ರಿ. ಮೊದಲು ಅವರ ಮ್ಯಾಲ ಕೈ ಪಳಗಿಸ್ತೀವಿ" ಎಂದು ಶರಯೂ ಅವರು ಹಾಜರಿ ಪುಸ್ತಕದಿಂದ ತಲೆಯೆತ್ತದೆ ಹೇಳಿದ್ದು ಇಂದಿಗೂ ಕಾಲೇಜಿನಲ್ಲಿ ಪ್ರಸಿದ್ಧವಾಗಿದೆ.

ಅವರ ಪಾಠದ ಕ್ರಮವೂ ಬೇರೆಯಾಗಿತ್ತು. ದನದ ಸಂತೆಗೆ ಹುಡುಗರನ್ನು ಕರೆದೊಯ್ದು, ರುಮಾಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವವರ ಮುಖ ನೋಡಿರಿ ಎನ್ನುತ್ತಿದ್ದರು. ಬೆರಳು ಏನು ಹೇಳಿತೆಂಬುದು ಕಣ್ಣಿನಲ್ಲಿ ಯಾವಾಗ ಕಾಣಿಸುತ್ತದೆ, ಕಾಣಿಸದಿರಲು ಮನುಷ್ಯ ಏನು ಮಾಡುತ್ತಾನೆ ಎಂದು ಕೇಳುತ್ತಿದ್ದರು. ಸರಕಾರಿ ಬಸ್ಸಿನಲ್ಲಿ ಸೀಟು ಸಿಕ್ಕವನು ನಿಂತವನ ಕಡೆಗೆ ಏಕೆ ನೋಡುವುದಿಲ್ಲ, ಸತ್ತವರ ಮನೆಗೆ ಹೋದವರು ಮೊದಲು ಮಳೆಯ ವಿಷಯವನ್ನೇ ಏಕೆ ತೆಗೆಯುತ್ತಾರೆ ಎಂಬಂಥ ಪ್ರಶ್ನೆಗಳು ಅವರ ಪರೀಕ್ಷೆಯಲ್ಲಿ ಬರುತ್ತಿದ್ದವು. ಎರಡನೆಯ ವರ್ಷದಲ್ಲಿ ನಪಾಸಾಗಿ ಬಂದ ಪೋಪಟ ಶೇಂಡಗೆ ಎಂಬ ವಿದ್ಯಾರ್ಥಿಗೆ ಊರೆಲ್ಲ ಬುದ್ಧಿ ಹೇಳುತ್ತಿದ್ದ ದಿನಗಳಲ್ಲಿ, ಶರಯೂ ಅವರು ಅವನಿಗೆ ಒಂದು ಮಾತನ್ನೂ ಹೇಳದೆ, ಪಂಕ್ಚರಾದ ತಮ್ಮ ಸೈಕಲ್ಲನ್ನು ಅವನ ಕೈಗೆ ಕೊಟ್ಟು, "ಅಂಗಡಿತನಕ ನೂಕ್ಕೊಂಡು ನಡಿ, ನಾನೂ ಬರ್ತೀನಿ" ಎಂದರು. ಮುಖ ಮುಖ ನೋಡಬೇಕಾಗಿಲ್ಲದ ಆ ದಾರಿಯಲ್ಲಿ ಪೋಪಟ ತಾನಾಗಿಯೇ ಬಾಯಿಬಿಟ್ಟ. ಅದೇ ಪೋಪಟ ಇಂದು ಅದೇ ವಿಭಾಗದಲ್ಲಿ ಪ್ರಾಧ್ಯಾಪಕ.

'ಸಾವಲೀ' ಬಳಗವನ್ನು ಅವರು ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಸಾವಲೀ ಎಂದರೆ ನೆರಳು. ಸಾವಾದ ಮನೆಗೆ ಮೊದಲ ದಿನಗಳಲ್ಲಿ ಜನ ಮುರಿದುಕೊಂಡು ಬೀಳುತ್ತಾರೆ, ಹದಿಮೂರನೆಯ ದಿನದ ಊಟ ಮುಗಿದ ಮರುದಿನ ಅಂಗಳ ಬರಿದಾಗುತ್ತದೆ, ನಿಜವಾದ ಕಷ್ಟ ಅಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅವರು ಗುರುತಿಸಿದ್ದರು. ಹದಿನಾಲ್ಕನೆಯ ದಿನದಿಂದ ಅವರ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಆ ಮನೆಗೆ ಹೋಗಬೇಕು: ಮುಂಬಾಗಿಲಿಗಲ್ಲ, ಹಿತ್ತಿಲಿಗೆ, ಮನೆಯವರು ಏಳುವ ಮುಂಚೆ, ಚಪ್ಪಲಿಯನ್ನು ಬೇಲಿಯ ಹೊರಗೇ ಬಿಟ್ಟು. ನೀರು ತುಂಬಿಡಬೇಕು, ಮೇವು ಕೊಯ್ದು ಹಾಕಬೇಕು, ಸೌದೆ ಒಡೆದಿಡಬೇಕು, ಯಾರಾದರೂ ಎದ್ದ ಸುಳಿವು ಸಿಕ್ಕರೆ ಹೊರಟುಬಿಡಬೇಕು. ಏನು ಬೇಕೆಂದು ಕೇಳಬಾರದು, ಕೇಳಿದರೆ ಯಾರೂ ಬೇಕೆನ್ನುವುದಿಲ್ಲ. ಏನನ್ನೂ ಇಸಕೊಳ್ಳಬಾರದು, ಇಸಕೊಂಡರೆ ಲೆಕ್ಕ ಚುಕ್ತಾ ಮಾಡುವ ಚಿಂತೆ ಅವರಿಗೆ ಹತ್ತುತ್ತದೆ. ಎಷ್ಟು ಶಿಸ್ತಿನ, ಎಷ್ಟು ಅಂತಃಕರಣದ ನಿಯಮಗಳು ಇವು! ಜಿಲ್ಲೆಯ ಬೇರೆ ಕಾಲೇಜುಗಳವರು ಬಂದು ನೋಡಿಕೊಂಡು ಹೋದರು. ಶರಯೂ ಅವರನ್ನು ಭಾಷಣಕ್ಕೆ ಕರೆಯದ ಶಿಬಿರವೇ ಆ ದಿನಗಳಲ್ಲಿ ಇರಲಿಲ್ಲವೆನ್ನಬಹುದು.

ಬಳಗ ಹೊಸದಾಗಿ ಹೆಸರು ಮಾಡುತ್ತಿದ್ದ ಆ ಕಾಲದಲ್ಲಿಯೇ, ಕಾಲುವೆಯ ಆಚೆ ಹೊಲಗಳ ನಡುವಿನ ಕೋಕರೆ ವಸ್ತಿಯಲ್ಲಿ, ಬಾಪೂ ಕೋಕರೆ ಎಂಬ ಯುವಕ ಬಾವಿಯ ಮೋಟಾರಿನ ಶಾಕು ಹೊಡೆದು ಸತ್ತ. ಹೆಂಡತಿ ಹೌಸಾಬಾಯಿಗೆ ಇಪ್ಪತ್ತೈದು ದಾಟಿರಲಿಲ್ಲ. ಮಗ್ಗುಲಲ್ಲಿ ಎಳೆ ಮಗಳು, ಕೊಟ್ಟಿಗೆಯಲ್ಲಿ ಎಮ್ಮೆ, ಹೊಲದಲ್ಲಿ ಕೀಳಲು ಬಂದ ಈರುಳ್ಳಿ. ಸಾವಲೀ ಬಳಗ ತನ್ನ ಕೌಶಲವನ್ನೆಲ್ಲ ಆ ಮನೆಗೆ ಧಾರೆಯೆರೆಯಿತು. ಪೋಪಟನ ನೇತೃತ್ವದಲ್ಲಿ ಹುಡುಗರು ಬೆಳಗಿನ ಮಬ್ಬಿನಲ್ಲಿ ಕೊಡ ತುಂಬಿ, ಈರುಳ್ಳಿ ಕಿತ್ತು, ತಪ್ಪಲು ಕತ್ತರಿಸಿ, ಗುಡ್ಡೆ ಹಾಕಿದರು. ಹುಡುಗಿಯರು ಕೊಟ್ಟಿಗೆ ಬಳಿದು, ಬಿಸಿಲು ಬೀಳುವುದರೊಳಗೆ ಕಾಲುವೆ ದಾಟಿ ಬಂದುಬಿಡುತ್ತಿದ್ದರು. ಒಂದು ದಿನ ಹುಡುಗರು ಬಂದು ಒಂದು ಸುದ್ದಿ ಹೇಳಿದರು. ಹೌಸಾಬಾಯಿ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ಕಪ್ಪು ಚಹಾ ಇಟ್ಟು, ಮೇಲೆ ಬಸಿ ಮುಚ್ಚಿ, ಒಳಗೆ ಹೋಗಿದ್ದಳು.

"ಕುಡದ್ರೇನು?" ಎಂದು ಶರಯೂ ಅವರು ಕೇಳಿದರು.

"ಇಲ್ರಿ ಬಾಯಾರ. ಮುಟ್ಟಲಿಲ್ಲ" ಎಂದ ಪೋಪಟ, ಎದೆಯುಬ್ಬಿಸಿ. "ಮರದಿನಾನೂ ಇಟ್ಟಿದ್ಲು. ಅದರ ಮರದಿನಾನೂ. ನಾವು ಆ ಕಡಿಗೆ ಕಣ್ಣೆತ್ತಿ ಸುದ್ದಾ ನೋಡಲಿಲ್ಲ."

ಶರಯೂ ಅವರು ಅವನ ಬೆನ್ನು ತಟ್ಟಿದರು. ಆಮೇಲೆ ಕಲ್ಲಿನ ಮೇಲೆ ಚಹಾ ಬರುವುದು ನಿಂತಿತು. ಅದನ್ನು ಯಾರೂ ವಿಶೇಷವಾಗಿ ಗಮನಿಸಲಿಲ್ಲ. ಹುಡುಗರು ಸುದ್ದಿ ತಂದ ದಿನದ ಸಂಜೆ ಅವರು ಈ ಸಂಗತಿಯನ್ನು ಮನೆಯಲ್ಲಿ ಹೇಳಿಕೊಂಡಾಗ, ಅವರ ಪತಿ, ತಾಲೂಕಿನ ಪಶುವೈದ್ಯರಾಗಿದ್ದ ದಿನಕರರಾವ್ ಅವರು, ತುತ್ತು ಅರ್ಧಕ್ಕೆ ನಿಲ್ಲಿಸಿ, "ಕುಡೀಬೇಕಾಗಿತ್ತಲ್ಲ ಆ ಹುಡುಗೂರು" ಎಂದರು.

"ನಿಮಗ ತಿಳ್ಯಾಂಗಿಲ್ಲ. ಅದಕ್ಕ ಒಂದು ಶಾಸ್ತ್ರ ಅದ."

"ಇರಬಹುದು, ತಾಯಿ. ನನ್ನ ರೋಗಿಗಳು ಮಾತಾಡಂಗಿಲ್ಲ, ಶಾಸ್ತ್ರಾನೂ ಓದಂಗಿಲ್ಲ. ಆದ್ರ ಬರೇ ಮೇವು ಹಾಕಿ ಹೊಂಟು ಬಂದ್ರ ತಿನ್ನಂಗಿಲ್ಲ ನೋಡು ಕೆಲವು. ಒಬ್ಬರು ಎದುರಿಗೆ ನಿಂದ್ರಬೇಕು."

"ಹೌಸಾಬಾಯಿ ಎಮ್ಮಿ ಏನ್ರಿ?" ಎಂದು ಶರಯೂ ಅವರು ಸಿಡುಕಿದರು. ದಿನಕರರಾವ್ ನಕ್ಕು, ಮತ್ತೊಂದು ಭಾಕರಿ ಹಾಕಿಸಿಕೊಂಡು, ಮಾತು ಬಿಟ್ಟರು. ಅವರ ಸ್ವಭಾವವೇ ಹಾಗೆ; ಒಂದು ಮಾತನ್ನು ಎರಡು ಸಲ ಹೇಳಿದವರಲ್ಲ.

ಅಂದಿನಿಂದ ಆ ಚಹಾ ಶರಯೂ ಅವರ ಉಪನ್ಯಾಸಗಳ ಉದಾಹರಣೆಯಾಯಿತು. ಎಲ್ಲಿ ಮಾತನಾಡಿದರೂ, ನೆರವು ನೀಡುವವನ ಸಂಯಮ ಎಂಥದಿರಬೇಕೆಂದು ಹೇಳುವಾಗ, "ಕಲ್ಲಿನ ಮೇಲೆ ಚಹಾ ಹಬೆಯಾಡುತ್ತಿತ್ತು, ನನ್ನ ವಿದ್ಯಾರ್ಥಿಗಳು ಕಣ್ಣೆತ್ತಿ ನೋಡಲಿಲ್ಲ" ಎಂದು ಹೇಳಿ ನಿಲ್ಲಿಸುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹೊಸ ಬ್ಯಾಚಿನ ಹುಡುಗರು ಆ ಕಥೆ ಕೇಳಿಯೇ ಬಳಗಕ್ಕೆ ಸೇರುತ್ತಿದ್ದರು. ವರ್ಷಗಳು ಹೀಗೆಯೇ ಉರುಳಿದವು. ತಗಡಿನ ಮಾಡು ಹೋಗಿ ಕಾಲೇಜಿಗೆ ಕಲ್ಲಿನ ಕಟ್ಟಡ ಬಂತು, ಗುಲಾಬರಾವ ತಾಟೆ ನಿವೃತ್ತರಾದರು, ಪೋಪಟನ ಕಿವಿಯ ಹತ್ತಿರ ಕೂದಲು ಬೆಳ್ಳಗಾಯಿತು. ಕೋಕರೆ ವಸ್ತಿಯ ದಾರಿಯಲ್ಲಿ ಶರಯೂ ಅವರು ಎಷ್ಟೋ ಸಲ ಹಾದುಹೋದರು. ಒಮ್ಮೆಯೂ ಆ ಮನೆಯ ಮುಂಬಾಗಿಲಿಗೆ ಹೋಗಲಿಲ್ಲ. ಹೋದರೆ ಉಪಕಾರ ನೆನಪಿಸಿದಂತಾಗುತ್ತದೆ ಎಂಬುದೇ ಅವರ ಅಂಜಿಕೆ.

ನಾಲ್ಕು ವರ್ಷಗಳ ಹಿಂದಿನ ಶ್ರಾವಣದಲ್ಲಿ, ಪಾಡಳಿ ಎಂಬ ಹಳ್ಳಿಯಲ್ಲಿ ಎಮ್ಮೆಯೊಂದಕ್ಕೆ ಕರು ಹಾಕಿಸಿ ಬಂದ ದಿನಕರರಾವ್, ಹಿತ್ತಿಲಲ್ಲಿ ಕೈ ತೊಳೆಯುತ್ತ ತೊಳೆಯುತ್ತ ಕುಸಿದರು. ಆ ದಿನ ಊರಿಗೆ ಊರೇ ಬಂತು. ಎಷ್ಟು ಮನೆಗಳಿಂದ ಝುಣಕ-ಭಾಕರಿ ಬಂತೆಂದರೆ, ಇಡಲು ಜಾಗವಿರಲಿಲ್ಲ. ಹದಿಮೂರನೆಯ ದಿನ ಮುಗಿಯಿತು, ಮಗಳು ನಾಗಪುರದ ತನ್ನ ಸಂಸಾರಕ್ಕೆ ಮರಳಿದಳು, ಅಂಗಳ ಬರಿದಾಯಿತು.

ಹದಿನಾಲ್ಕನೆಯ ದಿನ ಬೆಳಗ್ಗೆ ಶರಯೂ ಅವರು ಎದ್ದು ನೋಡಿದಾಗ ಹಿತ್ತಿಲಲ್ಲಿ ಹಂಡೆ ತುಂಬಿತ್ತು. ತುಳಸಿಯ ಸುತ್ತ ಗುಡಿಸಿತ್ತು. ಮೆಟ್ಟಿಲ ಮೇಲೆ ಹಾಲಿನ ಚೀಲವೂ ಒಂದು ಕಟ್ಟು ಮೆಂತ್ಯ ಸೊಪ್ಪೂ ಇದ್ದವು. ಅವರಿಗೆ ತಿಳಿಯಿತು, ತಿಳಿದು, ಆ ಹೊತ್ತಿಗೆ, ಹೆಮ್ಮೆಯೂ ಆಯಿತು. ಎಷ್ಟು ಚೆನ್ನಾಗಿ ಕಲಿತಿದ್ದಾರೆ ಎಂದುಕೊಂಡರು. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಕಾಲೇಜಿನಲ್ಲಿ ಎಲ್ಲರೂ ಅವರನ್ನು ಎಷ್ಟು ಜಾಣತನದಿಂದ ನೋಡಿಕೊಂಡರೆಂದರೆ, ದಿನಕರರಾವ್ ಅವರ ಹೆಸರನ್ನೇ ಯಾರೂ ಎತ್ತಲಿಲ್ಲ. ಬಾಯಾರು ತಾವಾಗಿ ಮಾತೆತ್ತುವವರೆಗೆ ಕೇಳಬಾರದೆಂಬುದು ಬಾಯಾರೇ ಕಲಿಸಿದ ನಿಯಮವಾಗಿತ್ತು. ನೆರೆಯವರೂ ಬರಲಿಲ್ಲ. ಬಾಯಾರ ಮನೆಯ ಕೆಲಸಕ್ಕೆ ಹುಡುಗರ ದಂಡೇ ಇದೆಯಲ್ಲ, ನಾವು ಹೋಗಿ ಮಾಡುವುದೇನಿದೆ ಎಂದು ಅವರು ಮಾತಾಡಿಕೊಳ್ಳುತ್ತಿದ್ದುದು ಗೋಡೆಯಾಚೆಯಿಂದ ಶರಯೂ ಅವರ ಕಿವಿಗೂ ಬಿತ್ತು. ಅವರು ಮನೆಯಲ್ಲೆಲ್ಲ ಏನಾದರೂ ಕೆಲಸ ಸಿಕ್ಕೀತೇ ಎಂದು ಹುಡುಕಿದರು. ಮಾಡಲು ಏನೂ ಉಳಿದಿರಲಿಲ್ಲ.

ಹಿತ್ತಿಲಲ್ಲಿ ಕೊಡದ ಸದ್ದು ಕೇಳಿಸಿದ ಒಂದು ಬೆಳಗ್ಗೆ, ಅವರು ಏನನ್ನೂ ಯೋಚಿಸದೆ ಎದ್ದು, ಶುಂಠಿ ಜಜ್ಜಿ ಹಾಕಿ ಚಹಾ ಮಾಡಿ, ಎರಡು ಕಪ್ಪುಗಳಲ್ಲಿ ಸುರಿದು, ದಿನಕರರಾವ್ ಕೈ ತೊಳೆಯುತ್ತಿದ್ದ ಕಲ್ಲಿನ ಮೇಲೆ ಇಟ್ಟು, ಬಂದವರಿಗೆ ಸಂಕೋಚವಾಗದಿರಲೆಂದು ಒಳಗೆ ಬಂದು ಕುಳಿತರು. ಬಿಸಿಲು ಬಿದ್ದ ಮೇಲೆ ಹೋಗಿ ನೋಡಿದರು. ಚಹಾ ಹಾಗೆಯೇ ಇತ್ತು. ಮೇಲೆ ಕೆನೆ ಸುಕ್ಕುಗಟ್ಟಿ, ಒಂದು ಇರುವೆ ಬಿದ್ದಿತ್ತು. ಮರುದಿನ ಮತ್ತೆ ಇಟ್ಟರು. ಮತ್ತೆ ಹಾಗೆಯೇ ಉಳಿಯಿತು. ಮೂರನೆಯ ದಿನ ಆರಿದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಬರುವಾಗ, ತಾವು ಎಷ್ಟೋ ವರ್ಷಗಳಿಂದ ಸಭೆಗಳಲ್ಲಿ ಹೇಳುತ್ತಿದ್ದ ಕಥೆಯೊಳಗೆ ತಾವೇ ನಿಂತಿರುವುದು ಅವರಿಗೆ ಕಂಡಿತು. ಅಡುಗೆಮನೆಯ ಹೊಸ್ತಿಲಲ್ಲಿ ಅವರು ಕುಳಿತುಬಿಟ್ಟರು. ಕುಡೀಬೇಕಾಗಿತ್ತಲ್ಲ ಆ ಹುಡುಗೂರು ಎಂಬ ಮಾತು ನೆನಪಾಯಿತು. ಅದಕ್ಕೆ ತಾವು ಸಿಡುಕಿದ್ದೂ ನೆನಪಾಯಿತು. ಅದನ್ನು ಹೇಳಿದವರಿಗೆ ಈಗ ಹೌದೆನ್ನುವ ಹಾಗಿರಲಿಲ್ಲ.

ಮರುದಿನ ಅವರು ಹಿತ್ತಿಲ ಬಾಗಿಲ ಹಿಂದೆಯೇ ಕಾದು ನಿಂತು, ಹಂಡೆಗೆ ನೀರು ಸುರಿಯುತ್ತಿದ್ದವನನ್ನು ಹಿಡಿದರು. ಐವತ್ತರ ಹತ್ತಿರದ ಪ್ರಾಧ್ಯಾಪಕ ಪೋಪಟ ಶೇಂಡಗೆ ಕಳ್ಳನಂತೆ ಬೆದರಿ ನಿಂತ.

"ಚಪ್ಪಲಿ ಎಲ್ಲಿ?"

"ಬೇಲಿ ಹೊರಗ ಬಿಟ್ಟೀನ್ರಿ. ನೀವ ಹೇಳಿದ್ದಲ್ರಿ ಬಾಯಾರ."

"ಹೂಂ, ನಾನ ಹೇಳಿದ್ದು. ಹೋಗು, ಹಾಕ್ಕೋ. ಸುತ್ತ ಹಾಕಿ ಮುಂದಿನ ಬಾಗಲಿಗೆ ಬಾ. ಎಲ್ಲಾರಿಗೂ ಕಾಣೂಹಂಗ ಬಿಡು ಅಲ್ಲಿ. ಬಂದು, ಕುಂದ್ರು. ಸಾಹೇಬರು ಹೋಗಿಬಿಟ್ರು ಅಂತ ಒಂದ ಮಾತು ಆಡು, ಪೋಪಟ. ಒಂದು ತಿಂಗಳಾತು, ಅವರ ಹೆಸರು ಯಾರ ಬಾಯಾಗೂ ಕೇಳಿಲ್ಲ ನಾನು."

ಪೋಪಟ ಬಂದು ಕುಳಿತ. ಶರಯೂ ಅವರು ಚಹಾ ತಂದುಕೊಟ್ಟರು. ಕಪ್ಪು ಹಿಡಿದುಕೊಂಡು ಅತ್ತ. ಶರಯೂ ಅವರೂ ಅತ್ತರು. ಅಂದು ಅವರ ಮನೆಯ ಮುಂದೆ ಒಂದು ಜೊತೆ ಚಪ್ಪಲಿ ಕಂಡದ್ದೇ ತಡ, ಮಧ್ಯಾಹ್ನದೊಳಗೆ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು.

ಅದರ ಮುಂದಿನ ಗುರುವಾರ, ಸಂತೆಯ ದಿನ, ಕಾಲೇಜಿಗೆ ರಜೆ ಹಾಕಿ, ಶರಯೂ ಅವರು ಕಾಲುವೆ ದಾಟಿ ಕೋಕರೆ ವಸ್ತಿಗೆ ನಡೆದು ಹೋದರು. ಹೌಸಾಬಾಯಿ ಅಂಗಳದಲ್ಲಿ ಈರುಳ್ಳಿ ಬೀಜ ಒಣಹಾಕುತ್ತಿದ್ದಳು. ಮಗಳನ್ನು ಮದುವೆ ಮಾಡಿ ಕಳಿಸಿ ಆಗಿತ್ತು; ಮೈ ಗಟ್ಟಿಯಾಗಿಯೇ ಇತ್ತು. ಬಂದವರನ್ನು ಗುರುತಿಸಿ, ಕಂಬಳಿ ಹಾಸಿದಳು, ನೀರು ಕೊಟ್ಟಳು. ಮಳೆಯ ಮಾತಾಯಿತು, ಬೆಲೆಯ ಮಾತಾಯಿತು, ಡಾಕ್ಟರ ಸಾಹೇಬರು ಹೋದದ್ದು ಕೇಳಿ ಕೆಟ್ಟೆನಿಸಿತು ಎಂದಾಯಿತು. ಚಹಾದ ಮಾತು ಬರಲಿಲ್ಲ. ಬಂದವರಿಗೆ ಚಹಾ ಬೇಕೇ ಎಂದು ಕೇಳದ ಮನೆ ಆ ಸೀಮೆಯಲ್ಲಿಯೇ ಇಲ್ಲ. ಶರಯೂ ಅವರೇ ಕೇಳಿದರು.

"ಹೌಸಾ, ಒಂದಿಷ್ಟು ಚಹಾ ಮಾಡ್ತಿಯೇನು?"

"ಹಾಲಿಲ್ರಿ" ಎಂದಳು ಹೌಸಾಬಾಯಿ. ಅಷ್ಟರಲ್ಲಿ ಕೊಟ್ಟಿಗೆಯ ಎಮ್ಮೆ ಗಟ್ಟಿಯಾಗಿ ಕೂಗಿತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಹೌಸಾಬಾಯಿ ಬೀಜದ ಮೇಲೆ ಕೈಯಾಡಿಸಿದಳು.

"ಬಾಯಾರ, ಖರೇ ಹೇಳ್ಲ್ಯಾ? ನಾ ಯಾರಿಗೂ ಚಹಾ ಮಾಡಂಗಿಲ್ಲ. ನಮ್ಮ ಹುಡುಗಿ ಅಪ್ಪ ತೀರಿಕೊಂಡ ವರ್ಷ ನಿಮ್ಮ ಕಾಲೇಜಿನ ಹುಡುಗೂರು ಬರತಿದ್ರಲಾ. ನಾ ಒಳಗ ಬಿದ್ಕೊಂಡು ಕೇಳತಿದ್ದೆ. ಕೊಡದಾಗ ನೀರು ಬೀಳೂ ಸಪ್ಪಳ. ಎದ್ದು ಬಂದ್ರ ಯಾರೂ ಇಲ್ಲ. ದಿನಾ ಹಂಗ. ಒಂದೊಂದು ಸಲ ಅನಸ್ತಿತ್ತು, ಸತ್ತಾಕಿ ನಾನ ಏನೋ, ಅದಕ್ಕ ಯಾರಿಗೂ ಕಾಣವಲ್ಲೆ ಅಂತ. ವಸ್ತಿ ಮಂದಿನೂ ಬರೂದು ಬಿಟ್ರು. ಕಾಲೇಜಿನವರು ನೋಡ್ಕೋತಾರ ಆಕಿನ್ನ ಅಂದ್ರು. ಕಡೀಕ ಚಹಾ ಮಾಡಿ ಇಟ್ಟೆ. ಚಹಾಕ್ಕಾದ್ರೂ ಒಂದೀಟು ನಿಂದರತಾರ, ಒಂದು ಮುಖಾನಾರ ಕಾಣತದ ಅಂತ. ಮುಟ್ಟಲಿಲ್ಲ ಯಾರೂ."

"ಅದು ನಾನ ಬ್ಯಾಡ ಅಂದಿದ್ದೆ, ಹೌಸಾ."

"ನನಗೇನ ಗೊತ್ತು? ಗಂಡ ಸತ್ತಾಕಿ ಕೈಯಾಂದು ಅಂತ ಒಲ್ಲೆ ಅಂದ್ರು ಅಂದ್ಕೊಂಡೆ. ಓದಿದ ಹುಡುಗೂರ ಹಂಗ ಅಂದ ಮ್ಯಾಲ, ಉಳಿದವರು ಅನ್ನದ ಬಿಟ್ಟಾರೇನು? ಅವತ್ತಿಂದ ಯಾರು ಬಂದ್ರೂ ಹಾಲಿಲ್ಲ ಅಂತೀನಿ. ಮಗಳ ಬೀಗರು ಬಂದಾಗೂ ಬಾಜೂ ಮನ್ಯಾಕಿ ಕಡಿಂದ ಮಾಡಸೀನಿ."

ಶರಯೂ ಅವರಿಗೆ ಕ್ಷಮೆ ಕೇಳುವುದು ಹೇಗೆಂದು ತಿಳಿಯಲಿಲ್ಲ. "ಕರೀ ಚಹಾ ಆದ್ರೂ ಮಾಡು, ಹೌಸಾ. ನಿನ್ನ ಕೈಯಿಂದ" ಎಂದಷ್ಟೇ ಅಂದರು. ಹೌಸಾಬಾಯಿ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು ಒಲೆಯ ಮುಂದೆ ಹೋದಳು. ಹಾಲು ಹಾಕಲಿಲ್ಲ, ಬೆಲ್ಲ ಹಾಕಿದ ಕರೀ ಚಹಾ ತಂದಿಟ್ಟು, ಎದುರಿಗೆ ಕೂತು, ಅವರು ಕುಡಿಯುವುದನ್ನೇ ನೋಡಿದಳು. ಶರಯೂ ಅವರು ಬಸಿಯಲ್ಲಿ ಸುರಿದುಕೊಂಡು, ಕೊನೆಯ ಹನಿಯವರೆಗೆ ಕುಡಿದು, ಬಸಿ ಬೋರಲು ಹಾಕಿದರು.

"ಇದು ಆ ಚಹಾ ಅಲ್ಲ, ಬಾಯಾರ" ಎಂದಳು ಹೌಸಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ಬೀಜದ ರಾಶಿಯನ್ನು ಅಂಗೈಯಿಂದ ಹರವುತ್ತ, "ಅದು ಆರಿ ಹೋತು" ಎಂದಳು. ಶರಯೂ ಅವರು ಏಳುವ ಹೊತ್ತಿಗೆ, ಅವರ ಕಡೆಗೆ ನೋಡದೆಯೇ, "ಬರೂ ಗುರುವಾರ ಬರ್ರಿ. ಹಾಲು ತಗದಿಡತೀನಿ" ಎಂದಳು.

ಅಂದಿನಿಂದ ಶರಯೂ ಅವರು ಗುರುವಾರಗಳನ್ನು ತಪ್ಪಿಸಿಲ್ಲ. ಬಳಗದ ನಿಯಮಗಳನ್ನೂ ಅವರೇ ತಿದ್ದಿದರು. ಈಗ ವಿದ್ಯಾರ್ಥಿಗಳು ಚಪ್ಪಲಿಯನ್ನು ಮುಂಬಾಗಿಲಲ್ಲಿ ಬಿಡುತ್ತಾರೆ, ಬಂದೆವೆಂದು ಕೂಗಿ ಹೇಳುತ್ತಾರೆ, ಕೊಟ್ಟದ್ದನ್ನು ಕುಡಿಯುತ್ತಾರೆ, ಒಳಗೆ ಕರೆಯದಿದ್ದರೆ ಮಾತ್ರ ಹಿತ್ತಿಲಿಗೆ ಹೋಗುತ್ತಾರೆ. ಹಳೆಯ ದಿನಗಳಲ್ಲಿ ಬಳಗ ಕೆಲಸ ಮಾಡಿದ್ದ ಮನೆಗಳನ್ನು ಶರಯೂ ಅವರು ನೆನಪಿನಿಂದ ಹುಡುಕಿ ಹುಡುಕಿ ಹೋದರು. ಕೆಲವರು ತೀರಿಕೊಂಡಿದ್ದರು. ಕೆಲವರಿಗೆ ನೆನಪೇ ಇರಲಿಲ್ಲ. ಪಾಡಳಿಯ ಒಬ್ಬ ಮುದುಕ ಮಾತ್ರ, "ಚಲೋ ಮಾಡಿದ್ರಿ ಬಾಯಾರ, ಯಾರಿಗೂ ಕಾಣದಂಗ ಬಂದ್ರಿ. ಅವತ್ತು ಯಾರರ ಎದುರಿಗೆ ಬಂದಿದ್ರ ಕಲ್ಲು ಒಗೀತಿದ್ದೆ ನಾ" ಎಂದು ನಕ್ಕ. ಅವನ ಮಾತು ಕೇಳಿ ಅವರಿಗೆ ಸಮಾಧಾನವಾಗಬೇಕಾಗಿತ್ತು. ಒಬ್ಬನಿಗೆ ಹಿತವಾದದ್ದು ಇನ್ನೊಬ್ಬಳಿಗೆ ಏನಾಯಿತೆಂದು ಆಗಲೇ ಬಾಗಿಲು ತಟ್ಟಿ ಕೇಳಿದ್ದರೆ ಸಾಕಿತ್ತಲ್ಲ ಎಂದು ಹಳಹಳಿಸುತ್ತ ಅವರು ಮನೆಗೆ ಬಂದರು. ಕಲ್ಲಿನ ಮೇಲಿನ ಚಹಾದ ಉದಾಹರಣೆಯನ್ನು ಅವರು ಈಗಲೂ ಭಾಷಣಗಳಲ್ಲಿ ಹೇಳುತ್ತಾರೆ. ಈಗ ಸಭೆ ಚಪ್ಪಾಳೆ ತಟ್ಟುವುದಿಲ್ಲ.

ಈ ಸಂಪುಟದ ಸಮಿತಿಯವರು, ಪೋಪಟ ಶೇಂಡಗೆ ಅವರನ್ನು ಮುಂದೆ ಮಾಡಿಕೊಂಡು, ಸಮಾರಂಭದ ದಿನ ವೇದಿಕೆಯ ಮೇಲೆ ಎರಡು ಮಾತನಾಡಬೇಕೆಂದು ಹೌಸಾಬಾಯಿಯವರನ್ನು ಆಹ್ವಾನಿಸಲು ಕಳೆದ ವಾರ ಕೋಕರೆ ವಸ್ತಿಗೆ ಹೋಗಿದ್ದರು. ಆಕೆ ಒಪ್ಪಲಿಲ್ಲ.

"ನಾ ಅಲ್ಲಿ ಬಂದು ಏನ ಮಾಡ್ಲಿ? ಶಾಲು ಹೊಚ್ಚಿ ಹಾರ ಹಾಕತೀರಿ, ಆಕಿನೂ ಬೆವರತಾಳ, ನಾನೂ ಬೆವರತೀನಿ. ಗುರುವಾರ ತಪ್ಪಸಬ್ಯಾಡ ಅಂತ ಹೇಳ್ರಿ ಆಕಿಗೆ, ಸಾಕು. ಪೆನ್ಷನ್ ಬಂದ ಮ್ಯಾಲ ಇನ್ನೇನು ಕೆಲಸ ಇರತದ, ಮುಂಜಾನಿನ ಬರಲಿ."

ಹೀಗೆಂದು ಆಕೆ ಒಳಗೆ ಹೋಗಿ, ಎಲ್ಲರಿಗೂ ಹಾಲು ಹಾಕಿದ ಚಹಾ ತಂದಳು. ಪೋಪಟನ ಮುಂದೆ ಕಪ್ಪು ಇಡುವಾಗ ಸ್ವಲ್ಪ ತಡೆದು, ಅವನ ಮುಖ ನೋಡಿ, "ನೀನ ಹೌದಲ್ಲೋ ಆ ಕೊಡಕ್ಕ ನೀರು ತುಂಬತಿದ್ದಾವ?" ಎಂದಳು. ಅವನು ತಲೆಯಾಡಿಸಿದ. ಎಲ್ಲರ ಕಪ್ಪುಗಳು ಬರಿದಾಗುವವರೆಗೆ ಆಕೆ ಬಾಗಿಲಿಗೆ ಆತುಕೊಂಡು ನಿಂತೇ ಇದ್ದಳು. ಒಂದೊಂದನ್ನೂ ಎತ್ತಿ ಒಳಗೆ ನೋಡಿ, ಆಮೇಲೆ ತಟ್ಟೆಯಲ್ಲಿಟ್ಟುಕೊಂಡಳು.

ಪ್ರಾಧ್ಯಾಪಕಿ ಶರಯೂ ಧುಮಾಳ ಅವರು ಇನ್ನೂ ಬಹುಕಾಲ ನಮ್ಮ ನಡುವೆ ಇರಲಿ; ಕಾಲುವೆಯ ದಂಡೆಯ ಮೇಲೆ ನಡೆಯುವ ಕಸುವು ಅವರ ಕಾಲುಗಳಲ್ಲಿ ಉಳಿಯಲಿ; ಕಾಲೇಜಿನ ಗಂಟೆ ಇನ್ನು ಅವರನ್ನು ಕರೆಯದಿದ್ದರೂ, ಹೊಸ ಹುಡುಗರಿಗೆ ಬಾಗಿಲು ತಟ್ಟುವುದನ್ನು ಕಲಿಸುವ ಅವರ ಕೆಲಸ ನಿಲ್ಲದಿರಲಿ; ಅವರ ಮುಂಬಾಗಿಲಲ್ಲಿ ಸದಾ ಯಾರದಾದರೂ ಚಪ್ಪಲಿ ಕಾಣಲಿ. ಆರಿಹೋದ ಚಹಾವನ್ನು ಯಾವ ಹಾರೈಕೆಯೂ ಬಿಸಿ ಮಾಡಲಾರದೆಂಬುದನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲರು. ಹಾಗಿದ್ದರೂ, ಇನ್ನು ಬರುವ ಗುರುವಾರಗಳು ಬಹಳವಾಗಿರಲಿ ಎಂದು ಹಾರೈಸದೆ ಇರಲು ಅವರ ಶಿಷ್ಯರಿಂದಲೂ ಸಹೋದ್ಯೋಗಿಗಳಿಂದಲೂ ಆಗದು.